ಸವಾಲಿಗೆ ಬಿದ್ದ ಸಾಲಿ ಎತ್ತು

ಜೂನ್ ೩೦, ಸೋಮವಾರ

ಈ ವಹಿಯ ಮೊದಲ ಪುಟವನ್ನು ಖಾಲಿ ಬಿಟ್ಟಿದ್ದೆ. ವ್ಯವಹಾರ ಮುಗಿದ ಮೇಲೆ ಒಟ್ಟು ಖರ್ಚನ್ನು ಮೊದಲ ಪುಟದಲ್ಲಿ ಬರೆಯುವುದು ನನ್ನ ರೂಢಿ. ವಹಿ ತೆರೆದವನಿಗೆ ಮೊದಲು ನಷ್ಟ ಕಾಣಬೇಕು, ಆಮೇಲೆ ಕಥೆ.

ಎರಿ ಮಣ್ಣು ಐದು ಬುಟ್ಟಿ, ಈರಬಸಪ್ಪನ ಹೊಲದ್ದು, ಅವನನ್ನು ಕೇಳದೆ ತಂದದ್ದು. ಹಳೆಯ ಗಾದಿಯ ಅರಳೆ ಒಂದು ಚೀಲ. ಮಣ್ಣೆತ್ತಿನ ಕಾಲುಗಳು, ಮುರಿದವೂ ಕರಗಿದವೂ ಸೇರಿ, ಒಂಬತ್ತು. ಶಾಲೆಯ ಹುಡುಗ ಪ್ರತಾಪನ ಒಂದು ಹಾಲುಹಲ್ಲು. ಅದು ಹೇಗೂ ಬೀಳುವುದಿತ್ತು ಎಂದು ಟೀಚರ್ ಹೇಳಿದರು, ಆದರೂ ಖರ್ಚಿಗೇ ಹಿಡಿದಿದ್ದೇನೆ. ನನ್ನ ಹೆಂಡತಿ ಸುಶೀಲವ್ವನ ನಿದ್ದೆ. ಮೊಮ್ಮಗಳು ಅಮೃತಾ ಬಿಟ್ಟೆದ್ದ ರೊಟ್ಟಿಗಳು. ನಾನು ಬರೆದ ಚೀಟಿಗಳು ಒಂದು ರಾಶಿ, ಅವುಗಳಲ್ಲಿ ಒಂದೇ ಒಂದು ದುಬಾರಿ ಬಿತ್ತು.

ಜೂನ್ ೯, ಸೋಮವಾರ

ಹುಬ್ಬಳ್ಳಿಯಿಂದ ಬಂದೆ. ಗಂಟಲೊಳಗೆ ಬೆಳೆದಿದ್ದ ಗಂಟನ್ನು ಡಾಕ್ಟರು ತೆಗೆದಿದ್ದಾರೆ. ಜೋಳದ ಕಾಳಿನಷ್ಟಿತ್ತಂತೆ. ಕೆಟ್ಟ ಗಂಟಲ್ಲ, ಜೀವಕ್ಕೆ ಏನೂ ಇಲ್ಲ. ಆದರೆ ಜುಲೈ ಮುಗಿಯುವ ತನಕ ಮಾತು ಬಂದ್. ಪಿಸುಮಾತು ಕೂಡ ಆಡಬಾರದು.

"ಈಗ ಒಂದ ಸಲ ಕೂಗಿದ್ರಿ ಅಂದ್ರ ಮುಂದ ದನಿ ಬರೂದರ ಜವಾಬ್ದಾರಿ ನಂದಲ್ಲ ನೋಡ್ರಿ ಮಡಿವಾಳೆಪ್ಪನವರ," ಎಂದರು.

ಯಾರಿಗೆ ಹೇಳುತ್ತಿದ್ದಾರೆ ಎಂಬುದು ಆ ಮನುಷ್ಯನಿಗೆ ಗೊತ್ತಿಲ್ಲ. ಗುಡಗೇರಿಯ ಸಂತೆಯಲ್ಲಿ ಮೆಣಸಿನಕಾಯಿ, ಹೆಸರು, ಶೇಂಗಾ, ಯಾವುದೇ ಮಾಲಿನ ಸವಾಲು ಕೂಗುವವನು ನಾನು. ಕಾಗದದಲ್ಲಿ ಅದಕ್ಕೆ ಹರಾಜು ಎನ್ನುತ್ತಾರೆ. ಚೀಲ ಹೊರುತ್ತಿದ್ದವನು ನಾನು. ಒಂದು ದಿನ ಕೂಗುವವನಿಗೆ ಜ್ವರ ಬಂದಾಗ ಹೊತ್ತ ಚೀಲವನ್ನು ಇಳಿಸಿ ಅದರ ಮೇಲೆಯೇ ಹತ್ತಿ ನಿಂತು ಕೂಗಿದೆ. ಮತ್ತೆ ಕೆಳಗಿಳಿಯಲಿಲ್ಲ. ಮನೆ ಕಟ್ಟಿಸಿದ್ದು, ಮಗನಿಗೆ ಗೊಬ್ಬರದ ಅಂಗಡಿ ಹಾಕಿಕೊಟ್ಟದ್ದು, ಎಲ್ಲವೂ ಈ ಗಂಟಲಿನದೇ ದುಡಿಮೆ.

ಸುಶೀಲವ್ವ ಈ ವಹಿಯನ್ನೂ ಒಂದು ಪೆನ್ನನ್ನೂ ತಂದಿಟ್ಟಳು. "ಏನರ ಹೇಳೂದಿದ್ರ ಇದರಾಗ ಬರೀರಿ. ನಾ ಓದಂಗಿಲ್ಲ."

ಓದದಿದ್ದರೆ ಬರೆದು ಏನು ಉಪಯೋಗ ಎಂದು ಬರೆದು ಹಿಡಿದೆ. ಅವಳು ಓದಲಿಲ್ಲ.

ಸಂಜೆ ಅಮೃತಾ ಶಾಲೆಯಿಂದ ಬಂದು ತೊಡೆಯ ಮೇಲೆ ಕೂತಳು. ಎರಡನೆಯ ಇಯತ್ತೆ. ಮಗ ಸಂಗನಬಸವನ ಒಬ್ಬಳೇ ಮಗಳು, ಏಳು ವರ್ಷ, ಬಾಯಿ ಮಾತ್ರ ನನ್ನದು.

"ಅಜ್ಜಾ, ಈ ಸಲ ಮಣ್ಣೆತ್ತಿನ ಅಮಾಸಿಗೆ ಸಾಲ್ಯಾಗ ದೊಡ್ಡ ಎತ್ತು ಮಾಡಾಕತ್ತೇವಿ. ಜೋಡೆತ್ತು. ನನ್ನ ಎದಿಮಟ ಬರ್ತಾವು. ಯಾರೂ ಕುಂಬಾರರ ಮನ್ಯಾಗಿಂದ ತರೂ ಹಂಗಿಲ್ಲ. ಎಲ್ಲಾರೂ ಕೂಡಿ ಮಾಡೂದು, ಊರು ಎಲ್ಲಾ ಸಾಲಿಗೇ ಬಂದು ಪೂಜಿ ಮಾಡೂದು."

ಒಂದರಿಂದ ಮೂರನೆಯ ಇಯತ್ತೆಯ ತನಕ ಒಂದೇ ಕೋಣೆ, ಹದಿನಾಲ್ಕು ಮಕ್ಕಳು, ಒಬ್ಬರೇ ಜ್ಯೋತ್ಸ್ನಾ ಟೀಚರ್. ಅವರು ಹುಬ್ಬಳ್ಳಿಯಿಂದ ಗುಡಗೇರಿಗೆ ರೈಲಿನಲ್ಲಿ ಬಂದು ಅಲ್ಲಿಂದ ಟಂಟಂ ಹಿಡಿಯುತ್ತಾರೆ. ಯಾರು ಯಾವ ಭಾಗ ಮಾಡಬೇಕು ಎಂಬುದನ್ನು ನೀವೇ ಕೂಡಿ ಠರಾಯಿಸಿರಿ ಎಂದಿದ್ದಾರಂತೆ. ಮಕ್ಕಳ ಕೈಯಲ್ಲಿ ಇಂಥದ್ದು ಕೊಡುತ್ತಾರೆಯೇ? ಬಾಯಿ ಇದ್ದಿದ್ದರೆ ನಾಳೆಯೇ ಹೋಗಿ ಎರಡು ಮಾತು ಹೇಳಿ ಬರುತ್ತಿದ್ದೆ.

ಜೂನ್ ೧೨, ಗುರುವಾರ

ಇವತ್ತು ಮನಸಾರೆ ನಕ್ಕೆ, ಸದ್ದಿಲ್ಲದೆ. ಸದ್ದಿಲ್ಲದೆ ನಕ್ಕರೆ ಪಕ್ಕೆಲುಬು ಹಿಡಿಯುತ್ತದೆ.

ಅಮೃತಾ ಶಾಲೆಯ ನಳದ ಕಟ್ಟೆಯ ಮೇಲೆ ನಿಂತು ಎತ್ತಿನ ಭಾಗಗಳನ್ನು ಸವಾಲು ಹಾಕಿದಳಂತೆ. ಮನೆಗೆ ಬಂದು ಅಂಗಳದಲ್ಲಿ ಮತ್ತೊಮ್ಮೆ ಪೂರ್ತಿ ಕೂಗಿ ತೋರಿಸಿದಳು.

"ತಲಿ ಐತಿ ನೋಡ್ರಿ, ತಲಿ. ಎರಡೂ ಕೋಡು ಕೂಡಿ. ಯಾರು ಏನ್ ಕೊಡ್ತೀರಿ? ಪ್ರತಾಪಂದು ಚಿಕ್ಕಿ ಐದು. ಐದ ಏನಲೇ, ನಿಮ್ಮ ಅಪ್ಪಂದು ಕಿರಾಣಿ ಅಂಗಡಿ ಐತಿ. ಹತ್ತು. ಹತ್ತು ಒಂದ ಸಾರಿ, ಹತ್ತು ಎರಡ ಸಾರಿ, ಹತ್ತು ಮೂರ ಸಾರಿ. ಒಯ್ಯಿ."

ತಲೆ ಪ್ರತಾಪನಿಗೆ. ಹೊಟ್ಟೆ ಮೂರನೆಯ ಇಯತ್ತೆಯ ಮೂವರಿಗೆ ಪಾಲಿನಲ್ಲಿ. ಕಾಲುಗಳು ಉಳಿದವರಿಗೆ ಹಂಚಿ. ಬಾಜು ಮನೆಯ ಸಿದ್ಧಾರೂಢ, ಒಂದನೆಯ ಇಯತ್ತೆ, ಮೂಗು ಒರೆಸಿಕೊಳ್ಳಲು ಬಾರದವನು, ಶಾಲೆಯಲ್ಲಿ ಕೊಡುವ ಮರುದಿನದ ಬಾಳೆಹಣ್ಣನ್ನು ಒತ್ತೆ ಇಟ್ಟು ಬಾಲ ಹಿಡಿದಿದ್ದಾನೆ.

ಬಂದ ಶೇಂಗಾ ಚಿಕ್ಕಿಯೆಲ್ಲ ಎತ್ತಿನ ಖಾತೆಗೆ ಎಂದಳು. ಒಂದನ್ನು ಮಾತ್ರ ದಲಾಲಿ ಎಂದು ಬಾಯಿಗೆ ಹಾಕಿಕೊಂಡಿದ್ದಳು.

"ಅಕ್ಬರಸಾಬನ ಮಗಳು ಜಹೀರಾಗ ಏನ್ ಸಿಕ್ತಬೇ?" ಎಂದು ಸುಶೀಲವ್ವ ಕೇಳಿದಳು. ಅಕ್ಬರಸಾಬ ಗಾದಿ ಹೊಲಿಯುವವನು. ಜಹೀರಾ ಅಮೃತಾಳ ಬಾಜೂಕ್ಕೇ ಕೂಡುವ ಹುಡುಗಿ.

"ಆಕಿ ಏನೂ ಹಚ್ಚಲಿಲ್ಲ ಆಯಿ. ಆಕಿ ಕಡೆ ಏನೂ ಇರಲಿಲ್ಲ. ಬಾಜೂಕ ನಿಂತು ನೋಡು ಅಂದೆ."

ಅಗದಿ ಸರಿ. ಕೈ ಎತ್ತದವನು ನೋಡಲು ಬಂದವನು. ಅದನ್ನು ನಾನು ಕಲಿಸಿರಲಿಲ್ಲ, ನೋಡಿಯೇ ಕಲಿತಿದ್ದಾಳೆ. ಸುಶೀಲವ್ವ ಒಳಗೆ ಹೋಗುತ್ತ, "ನಿಮ್ಮ ದನಿ ಎಲ್ಲಿ ಹೋತು ಅಂತ ಈಗ ತಿಳೀತು," ಎಂದಳು.

ಜೂನ್ ೧೬, ಸೋಮವಾರ

ಸವಾಲಿನಲ್ಲಿ ಹಿಡಿದ ಮಾಲನ್ನು ಯಾರೂ ಸಂತೆಯಲ್ಲಿ ಬಿಟ್ಟು ಹೋಗುವುದಿಲ್ಲ, ಮನೆಗೆ ಒಯ್ಯುತ್ತಾರೆ. ಮಕ್ಕಳೂ ಹಾಗೆಯೇ ಮಾಡಿವೆ. ತಮ್ಮ ತಮ್ಮ ಭಾಗವನ್ನು ತಮ್ಮ ತಮ್ಮ ಮನೆಯಲ್ಲಿ ಮಾಡಿ ಒಣಗಿಸಿ ಇವತ್ತು ತಂದಿವೆ. ಸಿದ್ಧಾರೂಢ ನಮ್ಮ ಕಟ್ಟೆಯ ಮೇಲೆ ಕೂತು ನನಗೆ ವರದಿ ಒಪ್ಪಿಸಿದ.

ಎಂಟು ಕಾಲು, ಎಂಟು ಅಳತೆ. ಒಂದು ಒನಕೆಯಷ್ಟು, ಒಂದು ಬೆಂಡಿಕಾಯಿಯಷ್ಟು. ಪ್ರತಾಪನ ತಲೆಯನ್ನು ಅವನ ಕಾಕಾ ಮಾಡಿಕೊಟ್ಟಿದ್ದು, ಹೊಟ್ಟೆಗಿಂತ ದೊಡ್ಡದು. ಬರೀ ಎರಿ ಮಣ್ಣಾದ್ದರಿಂದ ಒಣಗಿ ಬೇಸಿಗೆಯ ಹೊಲದ ಹಾಗೆ ಬಿರುಕು ಬಿಟ್ಟಿತ್ತು. ಎಲ್ಲವನ್ನೂ ಕೂಡಿಸಿ ನಿಲ್ಲಿಸಿದಾಗ ಎತ್ತು ನಿಲ್ಲಲಿಲ್ಲ, ಕೂತಿತು. ಕೂತದ್ದು ಚೂರಾಯಿತು.

"ನಿನ್ನ ಕಾಲ ಸಣ್ಣದು." "ನಿನ್ನ ತಲಿ ದೊಡ್ಡದು." ತಳ್ಳಾಟದಲ್ಲಿ ಪ್ರತಾಪನ ಹಲ್ಲು ಬಿತ್ತು. ಟೀಚರ್ ಅವನ ಬಾಯಿ ತೊಳೆಸಿ ಬರುವಷ್ಟರಲ್ಲಿ ಎಲ್ಲರೂ ಅಮೃತಾಳ ಕಡೆ ತಿರುಗಿದ್ದರು.

"ಸವಾಲ್ ಹಾಕಿದಾಕಿ ನೀನು."

"ಖರಾಬ ಮಾಲು ತಂದೋರು ನೀವು," ಎಂದಳಂತೆ ನನ್ನ ಮೊಮ್ಮಗಳು.

ಅಲ್ಲಿಗೆ ಮುಗಿಯಿತು. "ಹದಿಮೂರು ಮಂದಿನೂ ಆಕಿ ಸಂಗಾಟ ಟೂ ಬಿಟ್ಟೇವಿ ಅಜ್ಜಾ," ಎಂದು ಸಿದ್ಧಾರೂಢ ಹೇಳಿ, "ನಾನೂ ಬಿಟ್ಟೇನಿ," ಎಂದು ಸೇರಿಸಿದ. ಆಮೇಲೆ ನೀರು ಕೇಳಿ ಕುಡಿದು ಹೋದ.

ಜೂನ್ ೧೭, ಮಂಗಳವಾರ

ಶಾಲೆಗೆ ಹೋಗಲಿಲ್ಲ. ರೊಟ್ಟಿ ಮುಟ್ಟಲಿಲ್ಲ. ಗೋಡೆಗೆ ಮುಖ ಮಾಡಿ ಕೂತಿದ್ದಾಳೆ.

ಕೊಡುವುದಿಲ್ಲ ಎಂದು ಎದ್ದು ಹೋದ ರೈತರನ್ನು ಕೂಗಿ ಕರೆದು ಕೂಡ್ರಿಸಿದವನು ನಾನು. ನನ್ನ ಮೊಮ್ಮಗಳನ್ನು ಗೋಡೆಯಿಂದ ಈಚೆ ತಿರುಗಿಸಲು ಆಗುತ್ತಿಲ್ಲ. ಒಳ್ಳೆ ಮಾತುಗಳನ್ನು ಹುಡುಕಿ ಒಂದು ಉದ್ದ ಚೀಟಿ ಬರೆದೆ. ಅವಳು ಅದನ್ನು ಹಿಂದೆ ಮುಂದೆ ತಿರುಗಿಸಿದಳು.

"ಅಜ್ಜಾ, ನಿನ್ನ ಅಕ್ಷರ ನನಗ ಓದಾಕ ಬರಂಗಿಲ್ಲ. ನಮಗ ಬಿಡಿಸಿ ಬರೀಬೇಕು."

ಬಿಡಿಸಿ ಬರೆದೆ. ಹಾಗೆ ಬರೆದರೆ ಚೀಟಿಯಲ್ಲಿ ಹಿಡಿಸುವುದು ನಾಲ್ಕೇ ಶಬ್ದ. ಊಟ ಮಾಡು. ಸಿಟ್ಟು ಬೇಡ.

ಬೆರಳಿಟ್ಟು ಓದಿ, "ಸಿಟ್ಟು ನಿನಗ ಬಂದೈತಿ. ನನಗಲ್ಲ," ಎಂದಳು.

ಸಂಜೆ ಸಂಗನಬಸವ ಅಂಗಡಿಯಿಂದ ಬಂದು ಎಲ್ಲ ಕೇಳಿದ. ಸಂಶಿಯ ಕಡೆಯ ಒಂದು ಇಂಗ್ಲಿಷ್ ಶಾಲೆಯ ವ್ಯಾನು ನಮ್ಮ ಊರಿಗೇ ಬರುತ್ತದೆ. ಎರಡು ವರ್ಷದಿಂದ ಅವನು ಅಲ್ಲಿಗೆ ಹಾಕೋಣ ಎನ್ನುತ್ತಾನೆ, ಕೂಗಳತೆಯಲ್ಲಿ ಶಾಲೆ ಇರುವಾಗ ವ್ಯಾನು ಯಾಕೆ ಎಂದು ನಾನು ಬಾಯಿ ಮುಚ್ಚಿಸುತ್ತೇನೆ.

"ಈಗರ ಏನಂತೀಯಪಾ?" ಎಂದ.

ಚೀಟಿ ಎಳೆದುಕೊಂಡು ಬರೆದೆ: "ಹಾಕು." ಕೆಳಗೆ ಮಡಿವಾಳೆಪ್ಪ ಎಂದು ಸಹಿ. ಅವನು ಅದನ್ನು ಓದಿ ಮಡಚಿ ಕಿಸೆಯಲ್ಲಿಟ್ಟುಕೊಂಡ. "ಅಮಾಸಿ ಮುಗೀಲಿ. ಅದರ ಮುಂದಿನ ಸ್ವಾಮಾರದಿಂದ ಕಳಸೂಣು."

ಅಮೃತಾ ಗೋಡೆಯ ಕಡೆಯೇ ಇದ್ದಳು. ಕೇಳಿಸಿರಬೇಕು.

ಜೂನ್ ೧೯, ಗುರುವಾರ

ಟೀಚರ್ ಮನೆಗೇ ಬಂದರು. ಚಹಾ ಕುಡಿಯುತ್ತ, "ಆಕಿ ಒಬ್ಬಾಕಿನ ಬರಲಿಕ್ಕೆ ಒಲ್ಲೆ ಅಂತಾಳ. ನೀವು ಕರ್ಕೊಂಡು ಬಂದು ಬಾಜೂಕ ಕೂಡ್ರಿ, ಕಾಕಾ," ಎಂದರು. ನಾನು ಗಂಟಲು ತೋರಿಸಿದೆ. "ಗೊತ್ತದರಿ. ಮಾತಾಡೂ ಹಾಂಗಿಲ್ಲಲ್ಲ, ಅದ ಛೊಲೋ ಆತು."

ಹೋದೆವು. ಯಾರೂ ಅಮೃತಾಳ ಬಾಜೂಕ್ಕೆ ಕೂಡಲಿಲ್ಲ. ಅವಳ ಎಡಕ್ಕೆ ನಾನು, ಬಲಕ್ಕೆ ಗೋಡೆ.

ಕೊನೆಯ ತಾಸಿನಲ್ಲಿ ಎಲ್ಲರೂ ದುಂಡಗೆ ಕೂಡುವ ಒಂದು ಪದ್ಧತಿ ಇದೆ. ಒಂದು ಮಣ್ಣಿನ ಮುದ್ದೆ ಕೈಯಿಂದ ಕೈಗೆ ದಾಟುತ್ತದೆ. ಮುದ್ದೆ ಯಾರ ಕೈಯಲ್ಲಿದೆಯೋ ಅವರಷ್ಟೇ ಮಾತಾಡಬೇಕು. ನಾನು ಏನು ಮಾಡಿದೆ, ನಾಳೆ ಏನು ಬೇರೆ ಮಾಡುತ್ತೇನೆ, ಎರಡೇ. ಇನ್ನೊಬ್ಬರ ಹೆಸರು ತೆಗೆಯಬಾರದು. ಹೆಸರು ತೆಗೆಯದೆ ಮಾತಾಡುವುದು ನನಗೆ ಬಾಯಿ ಇದ್ದಾಗಲೂ ಸಾಧ್ಯವಾಗುತ್ತಿರಲಿಲ್ಲ.

ಪ್ರತಾಪ ಮುದ್ದೆ ಹಿಡಿದ. ಹಲ್ಲು ಬಿದ್ದ ಸಂದಿಯಲ್ಲಿ ನಾಲಿಗೆ ಆಡಿಸುತ್ತಿದ್ದ.

"ನಾ ತಂದ ತಲಿ ದೊಡ್ಡದಾತು. ಅದನ್ನ ನಾ ಮಾಡಿದ್ದಲ್ರಿ. ಮನ್ಯಾಗ ಮಾಡಿಕೊಟ್ರು. ನಾಳಿ ನಾನ ಮಾಡ್ತೀನಿ. ಹೊಟ್ಟಿ ನೋಡಿ ಮಾಡ್ತೀನಿ."

ಅಮೃತಾಳಿಗೆ ಬಂತು. ಅವಳು ಕೆಂಡ ಬಂದ ಹಾಗೆ ನನಗೆ ದಾಟಿಸಿದಳು. ನಾನು ಹಿಡಿದು ಕೂತೆ. ಹೇಳುವುದು ಎಷ್ಟಿತ್ತು. ಸಿದ್ಧಾರೂಢ ಕೈ ಚಾಚಿ, "ಕೊಡು ಅಜ್ಜಾ. ನೀ ಬಂದ್ ಅದಿ," ಎಂದ.

ಜೂನ್ ೨೦, ಶುಕ್ರವಾರ

ಒಡೆದ ಎತ್ತನ್ನೆಲ್ಲ ನೀರಿನಲ್ಲಿ ನೆನೆಹಾಕಿದ್ದಾರೆ. ಎಲ್ಲರ ಕಾಲೂ ಎಲ್ಲರ ಕೋಡೂ ಒಂದೇ ರಾಡಿ. ಯಾರದು ಯಾವುದು ಎಂದು ಈಗ ದೇವರೇ ಬಂದರೂ ತಿಳಿಯುವುದಿಲ್ಲ.

ಬಿರುಕು ಬಿಡದ ಹಾಗೆ ಏನು ಬೆರೆಸಬೇಕು ಎಂಬುದಕ್ಕೆ ಜಗಳ. ಬೂದಿ ಎಂದ ಒಬ್ಬ, ಶೆಗಣಿ ಎಂದಳು ಒಬ್ಬಳು, ಅರಳೆ ಎಂದಳು ಜಹೀರಾ. ನನಗೆ ಉತ್ತರ ಗೊತ್ತಿತ್ತು. ಟೀಚರ್‌ಗೂ ಗೊತ್ತಿದ್ದ ಹಾಗೆ ಕಂಡಿತು, ಹೇಳಲಿಲ್ಲ. ಮೂರು ಉಂಡೆ ಮಾಡಿ ಕಿಡಕಿಯಲ್ಲಿಟ್ಟರು. ಮಧ್ಯಾಹ್ನದ ಊಟದ ಹೊತ್ತಿಗೆ ಅರಳೆಯ ಉಂಡೆ ಗೆದ್ದಿತು. ಜಹೀರಾ ಮನೆಗೆ ಓಡಿ ಹಳೆಯ ಗಾದಿಯ ಅರಳೆ ತಂದಳು. ಒಂದು ಮಾತಿನಲ್ಲಿ ಮುಗಿಯುವ ಕೆಲಸಕ್ಕೆ ಅರ್ಧ ದಿನ.

ಆಮೇಲೆ ಹೊಟ್ಟೆಯನ್ನು ಎತ್ತಿ ಹಿಡಿಯಲು ಒಬ್ಬ ಗಟ್ಟಿ ಆಳು ಬೇಕಾಯಿತು. "ಅಜ್ಜಾ, ಹಿಡಿ. ಬಿಡಬ್ಯಾಡ."

ಹಿಡಿದೆ. ಕೆಳಗೆ ಕಾಲು ಕೂಡಿಸುತ್ತಿದ್ದರು. ಮುಂದಿನ ಎರಡು ಕಾಲು ತೀರ ಹತ್ತಿರ ಬಿದ್ದವು. ಇದು ಬೀಳುತ್ತದೆ ಎಂದು ನನ್ನ ಒಳಗೆ ಒಂದೇ ಸಮನೆ ಕೂಗು. ಮುಖ ತಿರುಚಿದೆ, ಹುಬ್ಬು ಹಾರಿಸಿದೆ.

"ಅಜ್ಜಗ ಏನೋ ಆಗೇತಿ."

"ಮೂಗು ತುರಸಾಕತ್ತಿರಬೇಕು. ಕೈ ಬಿಡಂಗಿಲ್ಲಲ್ಲ ಪಾಪ."

ಸಿದ್ಧಾರೂಢ ಸ್ಟೂಲು ಹತ್ತಿ ಮಣ್ಣಿನ ಕೈಯಿಂದ ನನ್ನ ಮೂಗು ತುರಿಸಿದ. ಕಾಲು ಬಿತ್ತು. ಅವರೇ ನೋಡಿದರು, ಅವರೇ ದೂರ ಸರಿಸಿ ಹಚ್ಚಿದರು. ಒಬ್ಬ ಹಿಡಿದರೆ ಒಬ್ಬಳು ಮೆತ್ತುತ್ತಾಳೆ, ಇನ್ನೊಬ್ಬ ಅಳತೆಯ ಕಡ್ಡಿ ಹಿಡಿದಿದ್ದಾನೆ.

ಅಮೃತಾ ಗೋಡೆಗೆ ಆನಿಕೊಂಡು ಕೂತಿದ್ದಳು. ಅವರು ಕರೆಯಲಿಲ್ಲ, ಅವಳು ಏಳಲಿಲ್ಲ. ನನ್ನ ಎರಡೂ ಕೈ ಎತ್ತಿನ ಹೊಟ್ಟೆಯಲ್ಲಿದ್ದವು.

ಜೂನ್ ೨೧, ಶನಿವಾರ

ಇವತ್ತು ಮುದ್ದೆ ಹಿಡಿದು ಜಹೀರಾ ಹೇಳಿದ್ದು:

"ಸವಾಲಿನ್ಯಾಗ ನಾ ಏನೂ ಹಚ್ಚಲಿಲ್ಲ. ನನ್ನ ಕಡೆ ಏನೂ ಇರಲಿಲ್ಲ. ಖರೆ, ನನಗ ಕೋಡು ಮಾಡಾಕ ಬರ್ತೈತಿ. ನನಗ ಬರ್ತೈತಿ ಅಂತ ನಾ ಹೇಳಬೇಕಿತ್ತು. ಹೇಳಲಿಲ್ಲ. ನಾಳಿ ಹೇಳ್ತೀನಿ."

"ನಾಳಿ ರವಿವಾರ," ಎಂದ ಪ್ರತಾಪ.

"ಸ್ವಾಮಾರ ಹೇಳ್ತೀನಿ."

ಕೂಗುವವನ ಕಣ್ಣು ಎತ್ತಿದ ಕೈಗಳ ಮೇಲೆಯೇ ಇರಬೇಕು, ಇಲ್ಲವಾದರೆ ಧಂಧೆ ನಡೆಯುವುದಿಲ್ಲ. ಸುತ್ತ ಕೈಕಟ್ಟಿ ನಿಂತಿರುವ ಜನ ಪ್ರತಿ ಸಂತೆಯಲ್ಲೂ ಇರುತ್ತಾರೆ. ಅವರ ಒಬ್ಬರ ಮುಖವಾದರೂ ನೆನಪಿಗೆ ಬರುತ್ತದೆಯೇ ಎಂದು ಮನೆಗೆ ಬರುವ ದಾರಿಯಲ್ಲಿ ನೋಡಿದೆ. ಬರಲಿಲ್ಲ. ಅದರಿಂದ ಏನೂ ಇಲ್ಲ, ಸುಮ್ಮನೆ ಬರೆದೆ.

ಅಮೃತಾ ಅರ್ಧ ರೊಟ್ಟಿ ತಿಂದಳು.

ಜೂನ್ ೨೩, ಸೋಮವಾರ

ಮೈಯೆಲ್ಲ ಉರಿಯುತ್ತಿದೆ.

ಬೆಳಗ್ಗೆ ಅಮೃತಾ ಗೋಡೆ ಬಿಟ್ಟೆದ್ದು ಜಹೀರಾಳ ಮುಂದೆ ಹೋಗಿ ನಿಂತಳು. ಜಹೀರಾ ಕೋಡು ತಿದ್ದುತ್ತಿದ್ದಳು. ನಮ್ಮ ಹುಡುಗಿ ಬೆನ್ನ ಹಿಂದೆ ಕೈ ಕಟ್ಟಿಕೊಂಡು, "ನಾ ಏನ್ ಮಾಡ್ಲಿ?" ಎಂದು ಕೇಳಿದಳು. ಈ ಪ್ರಶ್ನೆಯನ್ನು ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಕೇಳಿದ್ದು ನಾನು ಕಂಡಿಲ್ಲ.

ಜಹೀರಾ ತಲೆ ಎತ್ತದೆ, "ನೀರು ತಾ," ಎಂದಳು.

ತಂದಳು. ಮತ್ತೆ ತಾ ಎಂದರು, ಮತ್ತೆ ತಂದಳು. ನಳದಿಂದ ಕೋಣೆಗೆ, ಕೋಣೆಯಿಂದ ನಳಕ್ಕೆ, ತಂಬಿಗೆ ಹಿಡಿದು ದಿನವಿಡೀ. ಲಂಗವೆಲ್ಲ ಒದ್ದೆ. ಇಷ್ಟು ದೊಡ್ಡ ದನಿಯವನ ಮೊಮ್ಮಗಳು ನೀರು ಹೊರುವುದನ್ನು ಎತ್ತಿನ ಹೊಟ್ಟೆ ಹಿಡಿದುಕೊಂಡು ನೋಡಬೇಕಾಯಿತು. ಒಂದು ಮಾತು, ಒಂದೇ ಮಾತು ಇದ್ದಿದ್ದರೆ ಎಲ್ಲರಿಗೂ ಬುದ್ಧಿ ಕಲಿಸುತ್ತಿದ್ದೆ.

ಮಧ್ಯಾಹ್ನ ಅವಳು ಜಹೀರಾಳ ಬಾಜೂಕ್ಕೆ ಕೂತು ಊಟ ಮಾಡಿದಳು, ಎರಡು ಸಲ ಸಾರು ಹಾಕಿಸಿಕೊಂಡಳು. ದಣಿವಿಗೆ ಹಸಿವೆಯಾಗಿರಬೇಕು. ದಾರಿಯಲ್ಲಿ ಏನೋ ಗುನುಗುತ್ತಿದ್ದಳು. ಪಾಪ, ಮನಸ್ಸಿನಲ್ಲಿ ಎಷ್ಟು ನೊಂದಿದ್ದಾಳೋ.

ಜೂನ್ ೨೪, ಮಂಗಳವಾರ

ಜೋಡೆತ್ತು ನಿಂತವು. ನಾಳೆ ಅಮಾವಾಸ್ಯೆ. ಹೊರಗೆ ಜಿಟಿಜಿಟಿ ಮಳೆ, ಕೋಣೆಯ ಕಲ್ಲುಹಾಸು ಜಾರುತ್ತಿತ್ತು. ಅಮೃತಾ ತಂಬಿಗೆ ಹಿಡಿದು ಬರುವಾಗ ಜಾರಿ ಎಡಗಡೆಯ ಎತ್ತಿನ ಮೇಲೆ ಬಿದ್ದಳು. ಮುಂಗಾಲು ಮೊಣಕಾಲಿನ ಹತ್ತಿರ ಮುರಿಯಿತು.

ಸದ್ದು ಕೇಳಿ ಎಲ್ಲರೂ ತಿರುಗಿದರು. ಮತ್ತೆ ಅದೇ ಹದಿಮೂರು ಮುಖ. ನಾನು ಎದ್ದೆ. ನೆಲ ಒದ್ದೆಯಾಗಿತ್ತು, ಹುಡುಗಿಯ ತಪ್ಪಿಲ್ಲ ಎಂದು ಯಾರಿಗೆ ಹೇಳಲಿ, ಹೇಗೆ ಹೇಳಲಿ? ಕೈ ಆಡಿಸಿದೆ. ನನ್ನ ಕಡೆ ಯಾರೂ ನೋಡಲಿಲ್ಲ.

ಅಮೃತಾ ಎದ್ದು ಮೂಲೆಯಲ್ಲಿದ್ದ ಮಣ್ಣಿನ ಮುದ್ದೆಯನ್ನು ತೆಗೆದುಕೊಂಡಳು. ಕೊನೆಯ ತಾಸು ಇನ್ನೂ ಬಂದಿರಲಿಲ್ಲ. ನಡುವೆ ನಿಂತಳು.

"ಕಾಲ ಮುರದಾಕಿ ನಾನು. ಓಡಿ ಬಂದೆ. ಸಾವಕಾಶ ಬರಬೇಕಿತ್ತು." ಮುದ್ದೆಯನ್ನು ಇನ್ನೊಂದು ಕೈಗೆ ದಾಟಿಸಿದಳು. "ಸವಾಲ್ ಹಾಕಿದಾಕಿನೂ ನಾನು. ಯಾರಿಗೆ ಏನ್ ಬರ್ತೈತಿ ಅಂತ ಕೇಳಬೇಕಿತ್ತು. ಯಾರ ಕಡೆ ಏನೈತಿ ಅಂತ ಕೇಳಿದೆ."

ಟೀಚರ್ ಬಾಗಿಲಲ್ಲಿ ನಿಂತಿದ್ದರು. ಪ್ರತಾಪ ಬಗ್ಗಿ ಮುರಿದ ಕಾಲನ್ನು ನೋಡಿದ.

"ಬಿಡಬೇ. ಅಮಾಸಿ ಮರುದಿನ ಕುಂಟೆತ್ತು ಹೆಂಗೂ ಬೇಕ. ಓಣ್ಯಾಗ ಜ್ವಾಳ ಬೇಡಾಕ. ಎಲ್ಲಾರೂ ಬೇಕಂತ ಕಾಲ ಮುರೀತಾರ. ನಮ್ಮದು ಮೊದಲ ತಯಾರ ಆತು."

"ನಾಳಿ ಪೂಜಿಗೆ?" ಎಂದಳು ಜಹೀರಾ.

"ಇಟ್ಟಂಗಿ ಹಚ್ಚೂಣು. ತೋರಣ ಇಳಿಬಿಟ್ರ ಕಾಣಂಗಿಲ್ಲ."

ಅಷ್ಟೇ. ಇಟ್ಟಂಗಿ ತರಲು ಮೂವರು ಓಡಿದರು, ಮೂವರಲ್ಲಿ ಅಮೃತಾ ಒಬ್ಬಳು. ಓಡಬೇಡ ಎಂದು ಕೂಗಬೇಕೆನಿಸಿತು.

ಸಂಜೆ ಮನೆಗೆ ಬಂದರೆ ಸಂಗನಬಸವನ ಕೈಯಲ್ಲಿ ಟಿ.ಸಿ. ಮಧ್ಯಾಹ್ನವೇ ಹೆಡ್‌ಮಾಸ್ತರರ ಹತ್ತಿರ ಹೋಗಿ ಮಾಡಿಸಿಕೊಂಡಿದ್ದಾನೆ, ವ್ಯಾನಿನ ಶಾಲೆಯಲ್ಲಿ ಹೆಸರು ಹಚ್ಚಿ ಆಗಿದೆ. ಓಡಿ ಹೋಗಿ ಚೀಟಿ ಬರೆದೆ: ಬೇಡ. ಈಗ ಬೇಡ.

"ಅಪ್ಪಾ, ಹಾಕು ಅಂತ ನೀನ ಬರದ ಕೊಟ್ಟಿ." ಕಿಸೆಯಿಂದ ಆ ಚೀಟಿ ತೆಗೆದು ತೋರಿಸಿದ. "ಸಹಿ ಬ್ಯಾರೆ ಮಾಡಿ. ಮೂರು ಸಾರಿ ಕೂಗಿದ ಮ್ಯಾಲ ನೀ ಎಂದರ ಮಾಲು ತಿರುಗಿ ಕೊಡಿಸಿಯೇನು?"

ಇದಕ್ಕೆ ನೂರು ಉತ್ತರ ನನ್ನ ಹತ್ತಿರ ಇವೆ. ಮೊದಲನೆಯದನ್ನು ಬರೆದು ಮುಗಿಸುವಷ್ಟರಲ್ಲಿ ಅವನು ಕೈಕಾಲು ತೊಳೆದು ಊಟಕ್ಕೆ ಕೂತಿದ್ದ. ತಟ್ಟೆಯ ಬಾಜೂಕ್ಕೆ ಚೀಟಿ ಇಟ್ಟೆ. ಓದಿದ. ರೊಟ್ಟಿ ಮುರಿಯುತ್ತ ನಿಧಾನಕ್ಕೆ ಹೇಳಿದ.

"ಬ್ಯಾಂಕಿಗೆ ಹ್ವಾದ್ರ ಇಂಗ್ಲಿಷ್ ಫಾರ್ಮ್ ಕೊಡ್ತಾರಪಾ. ಯಾರರ ತುಂಬಿ ಕೊಡ್ತಾರೇನು ಅಂತ ಬಾಗಲಾಗ ನಿಂದರತೇನಿ. ಗೊಬ್ಬರದ ಚೀಲದ ಮ್ಯಾಲಿಂದು ಓದಾಕ ಬರಂಗಿಲ್ಲ, ಅಂಗಡಿ ಮಾತ್ರ ನಂದು. ಆಕಿ ನನ್ನಂಗ ನಿಂದರಬಾರದು. ಎರಡು ವರ್ಷದಿಂದ ಹೇಳಾಕತ್ತೇನಿ. ನೀ ಎಂದೂ ಪೂರಾ ಕೇಳಲಿಲ್ಲ."

ನನ್ನ ಮಗ ಇಷ್ಟು ಉದ್ದ ಮಾತಾಡಿದ್ದು ನನಗೆ ಹೊಸದು. ಪೆನ್ನಿಗೆ ಮುಚ್ಚಳ ಹಾಕಿ ಕಿಸೆಗಿಟ್ಟೆ.

ಜೂನ್ ೨೫, ಬುಧವಾರ

ಅಮಾವಾಸ್ಯೆ. ಊರಿಗೆ ಊರೇ ಶಾಲೆಗೆ ಬಂದಿತ್ತು. ಹೋಳಿಗೆ ನೈವೇದ್ಯ. ಈರಬಸಪ್ಪ ಎತ್ತಿನ ಸುತ್ತ ತಿರುಗಿ ಮುಟ್ಟಿ ನೋಡಿ, "ಈ ಮಣ್ಣಿನ ಗುರುತು ಐತಿ ನನಗ. ನನ್ನ ಹೊಲದಾಗಿಂದ ಎದ್ದ ಬಂದಾವು," ಎಂದ. ಹದಿನಾಲ್ಕು ಮಕ್ಕಳೂ ಒಮ್ಮೆಲೇ ತಲೆ ಎತ್ತಿ ಮಾಡಿನ ಹಂಚು ನೋಡಿದವು.

ಇಟ್ಟಂಗಿ ಯಾರಿಗೂ ಕಾಣಲಿಲ್ಲ.

ಜೂನ್ ೨೬, ಗುರುವಾರ

ಕುಂಟೆತ್ತನ್ನು ಹಲಗೆಯ ಮೇಲೆ ಇಟ್ಟುಕೊಂಡು ಮಕ್ಕಳು ಓಣಿ ಓಣಿ ತಿರುಗಿದರು. ಜೋಳ ಬೇಡಿ, ಆಮೇಲೆ ಹಳ್ಳದ ದಂಡೆಯಲ್ಲಿ ಕೂಡಿ ಉಂಡು, ಎತ್ತನ್ನು ನೀರಿಗೆ ಬಿಡುವುದು ಪದ್ಧತಿ. ಬೇಡಲು ಜೋರು ದನಿ ಬೇಕಲ್ಲ. "ನೀ ಕೂಗಬೇ, ನಿನ್ನ ದನಿ ಊರ ಅಗಸಿ ತನಕಾ ಹೋಗ್ತೈತಿ," ಎಂದು ಜಹೀರಾ ಹೇಳಿದ್ದು ಕಟ್ಟೆಯ ಮೇಲೆ ಕೂತ ನನಗೆ ಕೇಳಿಸಿತು.

ಅಮೃತಾ ಕೂಗಿದಳು. ಒಂದು ಸಾಲು ಕೂಗಿ ನಿಲ್ಲಿಸುತ್ತಾಳೆ, ಉಳಿದವರು ಕೂಡಿಕೊಳ್ಳುವ ತನಕ ಕಾಯುತ್ತಾಳೆ. ಸಿದ್ಧಾರೂಢ ಯಾವಾಗಲೂ ತಡ. ಅವನಿಗೂ ಕಾಯುತ್ತಾಳೆ. ಹಾಗೆ ನಿಂತು ನಿಂತು ಕೂಗಿದರೆ ನಮ್ಮ ಧಂಧೆಯಲ್ಲಿ ಗಿರಾಕಿ ಎದ್ದು ಹೋಗುತ್ತಾನೆ. ಆದರೂ ಕೇಳುತ್ತ ಕೂತೆ.

ನಮ್ಮ ಬಾಗಿಲಿಗೂ ಬಂದರು. ತನ್ನ ಮನೆಯ ಮುಂದೆ ತಾನೇ ಬೇಡುವವರ ಜೊತೆ ನಿಂತು, "ಆಯೀ, ಜ್ವಾಳ ನೀಡು. ಎತ್ತು ಕುಂಟಾಗೇತಿ," ಎಂದಳು. ಸುಶೀಲವ್ವ ಮೊರ ತುಂಬ ನೀಡಿ ಒಳಗೆ ಹೋಗಿ ಕಣ್ಣೊರೆಸಿಕೊಂಡಳು. ಸೋಮವಾರ ವ್ಯಾನು ಬರುವ ಮಾತು ಅವಳಿಗೂ ಗೊತ್ತು.

ಜೂನ್ ೨೭, ಶುಕ್ರವಾರ

ಟೀಚರ್ ನನ್ನನ್ನು ಹೊರಗೆ ಕರೆದರು. "ಟಿ.ಸಿ. ಕೇಳಿದ್ರ ಕೊಡಬೇಕಾಗ್ತದ ಕಾಕಾ. ಇಲ್ಲಾ ಅನ್ನಲಿಕ್ಕೆ ಬರೂದಿಲ್ಲ." ಅವರ ತಪ್ಪೇನೂ ಇಲ್ಲ ಎಂದು ಬರೆದು ಕೊಟ್ಟೆ. ಅವರು ಓದಿ, "ಯಾರ ತಪ್ಪು ಅಂತ ನಾ ಕೇಳ್ಲಿಲ್ರಿ," ಎಂದರು.

ಕೊನೆಯ ತಾಸು. ಮುದ್ದೆ ಅಮೃತಾಳ ಕೈಗೆ ಬಂತು. "ಸ್ವಾಮಾರದಿಂದ ನಾ ವ್ಯಾನಿನ್ಯಾಗ ಹೋಗ್ತೀನಿ. ಬ್ಯಾರೆ ಸಾಲಿ," ಎಂದಳು. ನಾಳೆ ಏನು ಬೇರೆ ಮಾಡುತ್ತೇನೆ ಎಂಬುದನ್ನು ಹೇಳಲಿಲ್ಲ. ಮುದ್ದೆಯನ್ನು ಜಹೀರಾಳಿಗೆ ಕೊಟ್ಟಳು.

ಜಹೀರಾ ಅದನ್ನು ಎರಡೂ ಕೈಯಲ್ಲಿ ಒತ್ತುತ್ತ ಕೂತಳು. "ಮಣ್ಣಿನ ಗುಳ್ಳವ್ವನ ಮಾಡೂದೈತಿ ಮುಂದಿನ ಮಂಗಳಾರ. ನೀರು ಯಾರ ತರ್ತಾರ?"

ನನ್ನ ಬಾಯಿ ತೆರೆದಿತ್ತು. ಏನು ಹೇಳಲು ತೆರೆದಿತ್ತು ಎಂಬುದು ನನಗೂ ಗೊತ್ತಿಲ್ಲ. ಮುಚ್ಚಿದೆ.

ಮನೆಗೆ ಬಂದು ಸಂಗನಬಸವನಿಗೆ ಇನ್ನೊಂದು ಚೀಟಿ ಬರೆಯಲು ಕೂತೆ. ಅವನ ಬ್ಯಾಂಕಿನ ಬಾಗಿಲು ಕಣ್ಣ ಮುಂದೆ ಬಂತು, ಜಹೀರಾಳ ಕೈ ಕಣ್ಣ ಮುಂದೆ ಬಂತು. ಎರಡರಲ್ಲಿ ಯಾವುದಕ್ಕೂ ಬೆಲೆ ಹೇಳಲು ಆಗಲಿಲ್ಲ.

ಜೂನ್ ೩೦, ಸೋಮವಾರ

ಬೆಳಗ್ಗೆ ವ್ಯಾನು ಬಂತು. ಹೊಸ ಬೂಟು, ಟೈ. ಅಮೃತಾ ಅಳಲಿಲ್ಲ. ಸಂಗನಬಸವ ಅವಳ ಚೀಲವನ್ನು ತಾನೇ ಹೊತ್ತು ವ್ಯಾನಿನಲ್ಲಿಟ್ಟ, ವ್ಯಾನು ತಿರುಗುವ ತನಕ ಕೈ ಎತ್ತಿಕೊಂಡೇ ನಿಂತಿದ್ದ. ಶಾಲೆಯ ಕಂಪೌಂಡಿನ ಮೇಲೆ ಆರೇಳು ತಲೆಗಳು ಕಂಡವು. ವ್ಯಾನು ದಾಟುವಾಗ ಒಳಗಿನಿಂದ ಏನೋ ಕೂಗಿದಳು, ಗಾಜು ಏರಿಸಿದ್ದರಿಂದ ಯಾರಿಗೂ ಕೇಳಿಸಲಿಲ್ಲ.

ಆಮೇಲೆ ನಾನು ಸಂತೆಯ ಕಡೆ ಹೊರಟವನು ಶಾಲೆಗೆ ಹೋದೆ. ಯಾಕೆ ಬಂದೆ ಎಂದು ಯಾರೂ ಕೇಳಲಿಲ್ಲ. ಜಹೀರಾ ಸರಿದು ಜಾಗ ಬಿಟ್ಟಳು.

ಯಾರಿಗೆ ಏನು ದಕ್ಕಿತು:

ಊರಿಗೆ, ಒಂದು ಅಮಾವಾಸ್ಯೆಯ ಪೂಜೆ, ಜೋಡೆತ್ತು.

ಪ್ರತಾಪನಿಗೆ, ತಾನೇ ಮಾಡಿದ ಒಂದು ತಲೆ.

ಸಿದ್ಧಾರೂಢನಿಗೆ, ಓಣಿಯ ಜೋಳದ ಊಟದಲ್ಲಿ ಎರಡು ಪಾಲು.

ಜಹೀರಾಳಿಗೆ, ನಾಲ್ಕು ಕೋಡು. ಒಬ್ಬ ಗೆಳತಿ, ಐದು ದಿನ.

ಸಂಗನಬಸವನಿಗೆ, ಎರಡು ವರ್ಷದಿಂದ ಕೇಳಿದ್ದು.

ಅಮೃತಾಳಿಗೆ, ವ್ಯಾನಿನ ಕಿಡಕಿಯ ಸೀಟು.

ಮಡಿವಾಳೆಪ್ಪನಿಗೆ, ದುಂಡಗೆ ಕೂಡುವಲ್ಲಿ ಒಂದು ಜಾಗ. ಅದು ಅವಳದು.